ಮೊದಲು ಮನೆತನ, ಆಮೇಲೆ ಕತ್ತಿ: ಮೊರೊವಿಂಡ್ ಈಗ ಆಡುವವರಿಗೆ ಒಂದು ರಿವ್ಯೂ

ಎಲ್ಡರ್ ಸ್ಕ್ರೋಲ್ಸ್ ಸರಣಿಯ ರೋಲ್-ಪ್ಲೇಯಿಂಗ್ ಗೇಮ್ ಮೊರೊವಿಂಡ್ ಬಗ್ಗೆ ಹೊಸಬರ ದೂರು ಶುರುವಾಗುವುದೇ ಏಡಿಯಿಂದ. ಹಡಗಿನಿಂದ ಇಳಿದು, ಸೇಡಾ ನೀನ್ ಅನ್ನುವ ಸಣ್ಣ ಊರಿನ ಕಚೇರಿಯಲ್ಲಿ ಹೆಸರು ಬರೆಸಿ, ಅಲ್ಲೇ ಸಿಕ್ಕ ಕಬ್ಬಿಣದ ಬಾಕು ಎತ್ತಿಕೊಂಡು ಹೊರಗೆ ಬರುತ್ತೀರಿ. ನೀರಿನ ಹತ್ತಿರ ಹೋದರೆ ಒಂದು ಏಡಿ ಮೈಮೇಲೆ ಬೀಳುತ್ತದೆ. ಬಾಕು ಬೀಸುತ್ತೀರಿ. ಬಾಕು ಏಡಿಯ ಮೈಯೊಳಗೇ ಹಾದುಹೋಗುವುದು ಕಣ್ಣಿಗೆ ಕಾಣುತ್ತದೆ, ಏಟು ಮಾತ್ರ ಬೀಳುವುದಿಲ್ಲ. ಮತ್ತೆ ಬೀಸುತ್ತೀರಿ, ಇಲ್ಲ. ಇದೇ ಸರಣಿಯ ಆಮೇಲಿನ ಗೇಮ್ ಸ್ಕೈರಿಮ್ ಆಡಿ ಬಂದವರು ಇಲ್ಲೇ ಕೈ ಎತ್ತಿಬಿಡುತ್ತಾರೆ: ಗೇಮ್ ಹಾಳಾಗಿದೆ, ಹಳೇ ಕಾಲದ್ದು, ಸಾಕಪ್ಪ ಅಂತ.

ಹಳೇ ಕಾಲದ್ದು ಹೌದು. ಬೆಥೆಸ್ಡಾ ಕಂಪನಿ ಇದನ್ನು ಬಿಡುಗಡೆ ಮಾಡಿದ್ದು 2002ರಲ್ಲಿ. ಹಾಳಾಗಿರುವುದು ಮಾತ್ರ ಗೇಮ್ ಅಲ್ಲ, ನೀವು ಆ ಕಚೇರಿಯಲ್ಲಿ ಕೂತು ಮಾಡಿಕೊಂಡ ಪಾತ್ರ. ಅದು ಪೂರ್ತಿ ನಿಮ್ಮ ತಪ್ಪೂ ಅಲ್ಲ. ಲೋಕದ ಬಗ್ಗೆ ಏನೂ ಗೊತ್ತಿಲ್ಲದ ಹೊತ್ತಿನಲ್ಲಿ ಹತ್ತು ಜನಾಂಗಗಳಲ್ಲಿ ಒಂದು, ಹದಿಮೂರು ಜನ್ಮರಾಶಿಗಳಲ್ಲಿ ಒಂದು, 27 ಸ್ಕಿಲ್‌ಗಳಲ್ಲಿ ಐದು ಮುಖ್ಯ, ಐದು ಉಪ ಅಂತ ಆರಿಸು ಎನ್ನುತ್ತದೆ ಈ ಗೇಮ್. ಯಾರಾದರೂ ಏನು ಮಾಡುತ್ತಾರೆ? ಕತ್ತಿ ಇಷ್ಟ, ಒಂದಿಷ್ಟು ಬೆಂಕಿ ಮಂತ್ರ ಇರಲಿ, ಬೀಗ ತೆಗೆಯೋಕೂ ಬರಲಿ, ಮಾತಿಗೂ ಸ್ವಲ್ಪ ಇರಲಿ ಅಂತ ಎಲ್ಲದರಲ್ಲೂ ಚೂರು ಚೂರು ತೆಗೆದುಕೊಳ್ಳುತ್ತಾರೆ. ಮೊರೊವಿಂಡ್‌ನಲ್ಲಿ ಅದು ನಡೆಯುವುದಿಲ್ಲ.

ನನ್ನ ಸಲಹೆ ಒಂದೇ. ಯಾವ ಆಯುಧ ಅಂತ ಯೋಚಿಸಬೇಡಿ. ಯಾರ ಕಡೆ ಸೇರುತ್ತೀರಿ ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಬಿಲ್ಡ್ (ಪಾತ್ರದ ಜನಾಂಗ, ರಾಶಿ, ಸ್ಕಿಲ್‌ಗಳ ಜೋಡಣೆ) ಮಾಡಿ. ಯಾಕೆಂದರೆ ಇಲ್ಲಿ ಬಣ ಬೇರೆ, ಬಿಲ್ಡ್ ಬೇರೆ ಅಲ್ಲ.

ಸ್ಕೈರಿಮ್‌ನಲ್ಲಿ ಮಂತ್ರವಾದಿಗಳ ಕಾಲೇಜಿಗೆ ಹೋಗಿ, ಬಾಗಿಲಲ್ಲಿ ಒಂದು ಮಂತ್ರ ಹಾಕಿ ತೋರಿಸಿ, ಆಮೇಲೆ ಬಹುಪಾಲು ಕೊಡಲಿಯಲ್ಲೇ ಎಲ್ಲರನ್ನೂ ಕಡಿದು ಕೊನೆಗೆ ಕಾಲೇಜಿನ ಮುಖ್ಯಸ್ಥರೇ ಆಗಬಹುದು. ಮೊರೊವಿಂಡ್‌ನಲ್ಲಿ ಪ್ರತಿ ಸಂಘಕ್ಕೂ ತನ್ನದೇ ಎರಡು ಗುಣಗಳು (ಶಕ್ತಿ, ಚುರುಕು ಇಂಥವು), ಆರು ಸ್ಕಿಲ್‌ಗಳು ಇವೆ. ಕೊಟ್ಟ ಕೆಲಸ ಎಷ್ಟೇ ಚೆನ್ನಾಗಿ ಮಾಡಿ, ಆ ಸ್ಕಿಲ್ ಸಾಲದಿದ್ದರೆ ಬಡ್ತಿ ಇಲ್ಲ. ಮುಖದ ಮೇಲೆ ಹೇಳಿ ಕಳಿಸುತ್ತಾರೆ, ನಿನ್ನ ಯೋಗ್ಯತೆ ಇನ್ನೂ ಬೆಳೆಯಬೇಕು ಅಂತ. ತೀರಾ ಮೇಲಿನ ಪದವಿಗೆ ಹೋಗುವ ಹೊತ್ತಿಗೆ ಆ ಆರರಲ್ಲಿ ಒಂದಾದರೂ 90ಕ್ಕೆ ಬಂದಿರಬೇಕು, ಇನ್ನೆರಡು ಪರವಾಗಿಲ್ಲ ಅನ್ನುವ ಮಟ್ಟದಲ್ಲಿರಬೇಕು. ಮಂತ್ರವಾದಿಗಳ ಸಂಘದ ತಲೆಯ ಮೇಲೆ ಮಂತ್ರ ಬಾರದವನು ಕೂರೋಕೆ ಆಗಲ್ಲ. ಇಷ್ಟು ಸಣ್ಣ ವಿಷಯ ಆಮೇಲಿನ ಗೇಮ್‌ಗಳಲ್ಲಿ ಯಾಕೆ ಕೈಬಿಟ್ಟರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ಏಡಿಯ ಲೆಕ್ಕ ನೋಡೋಣ, ಅದು ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತದೆ. ಇಲ್ಲಿ ಏಟು ಬೀಳುತ್ತದೋ ಇಲ್ಲವೋ ಅನ್ನುವುದನ್ನು ಒಳಗೊಳಗೇ ದಾಳ ಎಸೆದು ನೋಡುತ್ತಾರೆ. ಆಯುಧದ ಸ್ಕಿಲ್, ಅದಕ್ಕೆ ಅಜಿಲಿಟಿ (ಚುರುಕು) ಅನ್ನುವ ಗುಣದ ಐದನೇ ಒಂದು ಭಾಗ, ಲಕ್‌ನ ಹತ್ತನೇ ಒಂದು ಭಾಗ ಸೇರಿಸಿ. ಬಂದದ್ದನ್ನು ದಮ್ಮಿನಿಂದ ಗುಣಿಸಿ. ದಮ್ಮು ಅಂದರೆ ಪರದೆಯ ಕೆಳಗಿನ ಹಸಿರು ಪಟ್ಟಿ, ಫಟೀಗ್. ಅದು ತುಂಬಿದ್ದರೆ 1.25, ಖಾಲಿಯಾಗಿದ್ದರೆ 0.75. ಇದರಲ್ಲಿ ಎದುರಾಳಿ ತಪ್ಪಿಸಿಕೊಳ್ಳುವ ಅಂಕ ಕಳೆದರೆ ಉಳಿದದ್ದು ನೂರಕ್ಕೆ ನಿಮ್ಮ ಅದೃಷ್ಟ.

ರೆಡ್‌ಗಾರ್ಡ್ ಜನಾಂಗದ ಒಬ್ಬನನ್ನು ತೆಗೆದುಕೊಳ್ಳಿ. ಯುದ್ಧದ ವಿಭಾಗ ಆರಿಸಿ ಉದ್ದ ಕತ್ತಿಯನ್ನು ಮುಖ್ಯ ಸ್ಕಿಲ್ ಮಾಡಿಕೊಂಡರೆ 30, ವಿಭಾಗಕ್ಕೆ 5, ಜನಾಂಗಕ್ಕೆ 15, ಒಟ್ಟು 50ರಲ್ಲಿ ಶುರು. ಅಜಿಲಿಟಿ 40, ಲಕ್ 40 ಅಂದರೆ ಇನ್ನೊಂದು 12. ದಮ್ಮು ತುಂಬಿದ್ದರೆ 77, ಓಡಿ ಓಡಿ ಸುಸ್ತಾಗಿದ್ದರೆ 46. ಈಗ ಅದೇ ಮನುಷ್ಯನ ಕೈಗೆ ಕಚೇರಿಯ ಬಾಕು ಕೊಡಿ. ಬಾಕು ಅಂದರೆ ಶಾರ್ಟ್ ಬ್ಲೇಡ್, ಅದು ಇವನ ಪಟ್ಟಿಯಲ್ಲೇ ಇಲ್ಲ, ಹಾಗಾಗಿ ಬರೀ 5, ಜನಾಂಗಕ್ಕೆ ಇನ್ನೊಂದು 5. ಹನ್ನೆರಡು ಸೇರಿಸಿ ಗುಣಿಸಿದರೆ 27. ಸುಸ್ತಾಗಿದ್ದರೆ 16. ಹೊಸಬರು ಏನು ಮಾಡುತ್ತಾರೆ ಹೇಳಿ? ಊರಿನ ತುಂಬಾ ಓಡುತ್ತಾರೆ, ಹಸಿರು ಪಟ್ಟಿ ಖಾಲಿ ಮಾಡಿಕೊಳ್ಳುತ್ತಾರೆ, ಆಮೇಲೆ ಬರದ ಆಯುಧ ಹಿಡಿದು ಏಡಿಯ ಮುಂದೆ ನಿಲ್ಲುತ್ತಾರೆ. ಏಡಿ ಪಾಪ ಏನು ಮಾಡುತ್ತೆ.

ಹಾಗಾಗಿ ಮೊದಲ ದಿನಗಳಲ್ಲಿ ಜಗಳ ಶುರುವಾಗುವ ಮೊದಲು ಎರಡು ಕ್ಷಣ ನಿಲ್ಲಿ. ನಿಮ್ಮ ಪಟ್ಟಿಯಲ್ಲಿರುವ ಆಯುಧವನ್ನೇ ಹಿಡಿಯಿರಿ. ಇಷ್ಟು ಮಾಡಿದರೆ ಗೇಮ್ ಬೇರೆಯೇ ಆಗಿ ಕಾಣುತ್ತದೆ.

ಇನ್ನು ಬಣಗಳಿಗೆ ಬರೋಣ. ಕತೆ ನಡೆಯುವುದು ವಾರ್ಡನ್‌ಫೆಲ್ ಅನ್ನುವ ದ್ವೀಪದಲ್ಲಿ. ಇಲ್ಲಿ ಸೇರಿಕೊಳ್ಳಬಹುದಾದ ದೊಡ್ಡ ಮನೆತನಗಳು ಮೂರು: ರೆಡೊರಾನ್, ಹ್ಲಾಲು, ಟೆಲ್ವಾನಿ. ಒಂದಕ್ಕೆ ಸೇರಿದರೆ ಉಳಿದೆರಡರ ಬಾಗಿಲು ಮುಚ್ಚಿತು. ಮೊದಲ ಸಲ ಆಡುವವರು ತೆಗೆದುಕೊಳ್ಳುವ ಅತಿ ದೊಡ್ಡ ತೀರ್ಮಾನ ಇದೇ, ಆದರೆ ಗೇಮ್ ಅದನ್ನು ಎಲ್ಲೂ ದೊಡ್ಡದಾಗಿ ಸಾರುವುದಿಲ್ಲ. ಬಾಲ್ಮೊರಾದಲ್ಲಿ ಕೇಯಸ್ ಕೊಸಾಡೆಸ್ ಅನ್ನುವ ಮುದುಕ ಸಿಗುತ್ತಾನೆ, ಮುಖ್ಯ ಕತೆ ಶುರುವಾಗುವುದೇ ಇವನಿಂದ. ಕೈಗೆ 200 ಚಿನ್ನ ಕೊಟ್ಟು, ಹೋಗು, ಯಾವುದಾದರೂ ಸಂಘ ಸೇರು, ಒಂದಿಷ್ಟು ಅನುಭವ ಮಾಡಿಕೊಂಡು ಬಾ ಎನ್ನುತ್ತಾನೆ. ಲೋಕ ಮುಳುಗುತ್ತಿದೆ, ಬೇಗ ಓಡು ಅಂತ ಹೇಳುವ ಗೇಮ್‌ಗಳ ಮಧ್ಯೆ ಇದು ಎಷ್ಟು ಹಾಯಾಗಿದೆ ಅಂದರೆ, ನಾನು ಪ್ರತಿ ಸಲ ಆ ಮಾತನ್ನು ಅಕ್ಷರಶಃ ಪಾಲಿಸುತ್ತೇನೆ. ಮುಖ್ಯ ಕತೆ ಬೇಕಾದರೆ ಕಾಯಲಿ.

ಮೊದಲ ಸಲ ಆಡುವವರಿಗೆ ರೆಡೊರಾನ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಯೋಧರ ಮನೆತನ, ಮಾನಕ್ಕೆ ಜೀವ ಬಿಡುವವರು, ಸ್ವಲ್ಪ ಒಣಕಲು ಜನ. ಆದರೆ ಇವರ ಆರು ಸ್ಕಿಲ್ ನೋಡಿ: ಉದ್ದ ಕತ್ತಿ, ಈಟಿ, ಭಾರದ ಕವಚ, ಮಧ್ಯಮ ಕವಚ, ಆಯುಧ ದುರಸ್ತಿ, ಅಥ್ಲೆಟಿಕ್ಸ್. ಇದರಲ್ಲಿ ಈಟಿ, ಭಾರದ ಕವಚ, ಮಧ್ಯಮ ಕವಚ, ಈ ಮೂರೂ ಎಂಡ್ಯೂರೆನ್ಸ್ (ತಾಳಿಕೆ) ಅನ್ನುವ ಗುಣದ ಕೆಳಗೆ ಬರುತ್ತವೆ. ಇಡೀ ಗೇಮ್‌ನಲ್ಲಿ ಎಂಡ್ಯೂರೆನ್ಸ್ ಕೆಳಗೆ ಇರುವುದೇ ಈ ಮೂರು. ಇದು ಯಾಕೆ ಮುಖ್ಯ ಅಂದರೆ, ಪ್ರತಿ ಲೆವೆಲ್‌ಗೆ ನಿಮಗೆ ಸಿಗುವ ಹೆಲ್ತ್ ಆಗಿನ ನಿಮ್ಮ ಎಂಡ್ಯೂರೆನ್ಸ್‌ನ ಹತ್ತನೇ ಒಂದು ಭಾಗ. ಹಿಂದಿನದ್ದು ಸರಿಹೋಗುವುದಿಲ್ಲ. ಅಂದರೆ ಹದಿನೈದನೇ ಲೆವೆಲ್‌ನಲ್ಲಿ ಎಂಡ್ಯೂರೆನ್ಸ್ ನೂರಕ್ಕೆ ಏರಿಸಿದರೂ ಮೊದಲ ಹದಿನಾಲ್ಕು ಲೆವೆಲ್‌ಗಳಲ್ಲಿ ಕಳೆದುಕೊಂಡ ಹೆಲ್ತ್ ವಾಪಸ್ ಬರಲ್ಲ. ರೆಡೊರಾನ್ ಬಿಲ್ಡ್ ಮಾಡಿಕೊಂಡವರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳದೆ ಸುಮ್ನೆ ಆಡುತ್ತಾ ಹೋದರೂ ಅದು ತಾನಾಗಿ ಏರುತ್ತದೆ. ಬಣ ಮತ್ತು ಬಿಲ್ಡ್ ಒಂದಕ್ಕೊಂದು ಕೈಹಿಡಿದು ನಡೆಸುವುದು ಅಂದರೆ ಇದೇ.

ಕೆಲಸಗಳೂ ಚಿಕ್ಕದರಿಂದ ಶುರು. ಆಲ್ಡ್‌ರೂನ್ ಊರಿನಲ್ಲಿ ನೆಮಿಂಡಾ ಅನ್ನುವವಳು ಒಂದು ಔಷಧಿ ಸೀಸೆ ಕೊಟ್ಟು ಇಂಥ ಕಡೆ ತಲುಪಿಸು ಎನ್ನುತ್ತಾಳೆ. ಆಮೇಲೆ ಒಬ್ಬ ದನಗಾಹಿಯ ಮಂದೆಗೆ ಏಡಿಗಳ ಕಾಟ, ಹೋಗಿ ನೋಡು ಎನ್ನುತ್ತಾಳೆ. ಹೌದು, ಮತ್ತೆ ಏಡಿ. ಈ ಮನೆತನದ ಹಿರಿಯರ ಬಂಗಲೆಗಳಿರುವುದೂ ಸತ್ತ ದೈತ್ಯ ಏಡಿಯೊಂದರ ಚಿಪ್ಪಿನೊಳಗೆ. ಸ್ಕಾರ್ ಅಂತ ಅದರ ಹೆಸರು. ಒಳಗೆ ನಿಂತು ತಲೆ ಎತ್ತಿ ನೋಡಿ, ಹಗ್ಗದ ಸೇತುವೆಗಳು, ಸುತ್ತ ಬಾಗಿಲುಗಳು. ಇಂಥ ಜಾಗ ಕಟ್ಟಿದ ಬೆಥೆಸ್ಡಾದವರು ಆಮೇಲಿನ ಗೇಮ್‌ಗಳಲ್ಲಿ ಸುಮ್ನೆ ಮರದ ಮನೆಗಳಿಗೆ ಯಾಕೆ ಇಳಿದರೋ.

ಟೆಲ್ವಾನಿ ಇದಕ್ಕೆ ಪೂರ್ತಿ ಉಲ್ಟಾ, ಮತ್ತು ಎರಡನೇ ಸಲ ಆಡುವವರಿಗೆ ನನ್ನ ಮೊದಲ ಆಯ್ಕೆ. ಇವರು ಹಳೇ ಮಂತ್ರವಾದಿಗಳು, ಬೃಹತ್ ಅಣಬೆಗಳನ್ನು ಗೋಪುರದ ಹಾಗೆ ಬೆಳೆಸಿ ಒಳಗೆ ವಾಸ ಮಾಡುವವರು. ಒಳಗೆ ಹೋದರೆ ಮೇಲಕ್ಕೆ ಮೆಟ್ಟಿಲಿಲ್ಲ. ನೆಟ್ಟಗೆ ಮೇಲಕ್ಕೆ ಹೋಗುವ ಬಾವಿಯಂಥ ಜಾಗ. ಹಾರೋಕೆ ಬರದವನಿಗೆ ಯಜಮಾನನ ಭೇಟಿ ಇಲ್ಲ, ಅಷ್ಟೇ. ಒಂದು ಮಾತೂ ಆಡದೆ ಆ ಮನೆತನದ ಇಡೀ ಸ್ವಭಾವವನ್ನು ಆ ಮೆಟ್ಟಿಲಿಲ್ಲದ ಗೋಡೆ ಹೇಳಿಬಿಡುತ್ತದೆ. ನಿಮ್ಮ ಹತ್ತಿರ ಲೆವಿಟೇಶನ್ ಮಂತ್ರ ಇರಬೇಕು, ಇಲ್ಲವೇ ಮದ್ದು, ಇಲ್ಲವೇ ಸುರುಳಿ. ಶುರುವಿನಲ್ಲಿ ಮದ್ದನ್ನು ದುಡ್ಡು ಕೊಟ್ಟು ಕೊಂಡು ಇಟ್ಟುಕೊಳ್ಳಿ, ಇಳಿಯೋಕೂ ಬೇಕಾಗುತ್ತದೆ ಅನ್ನುವುದು ನೆನಪಿರಲಿ.

ಇವರಿಗೆ ಬೇಕಾದ ಆರೂ ಮಂತ್ರವಿದ್ಯೆಯ ಸ್ಕಿಲ್‌ಗಳು: ಡಿಸ್ಟ್ರಕ್ಷನ್, ಆಲ್ಟರೇಶನ್, ಮಿಸ್ಟಿಸಿಸಮ್, ಇಲ್ಯೂಶನ್, ಕಾಂಜುರೇಶನ್, ಎನ್‌ಚಾಂಟ್. ಒಂದೂ ಎಂಡ್ಯೂರೆನ್ಸ್ ಕಡೆಯದಲ್ಲ. ಅಂದರೆ ಟೆಲ್ವಾನಿ ಬಿಲ್ಡ್ ತಾನಾಗಿ ಬೆಳೆದರೆ ಹತ್ತಿಯ ಗೊಂಬೆ. ಇದಕ್ಕೆ ಒಂದು ಉಪಾಯ ಇದೆ. ಲೆವೆಲ್ ಏರುವುದು ನಿಮ್ಮ ಮುಖ್ಯ ಮತ್ತು ಉಪ ಸ್ಕಿಲ್‌ಗಳು ಒಟ್ಟು ಹತ್ತು ಸಲ ಏರಿದಾಗ. ಆದರೆ ಗುಣ ಎಷ್ಟು ಏರುತ್ತದೆ ಅನ್ನುವುದಕ್ಕೆ ಪಟ್ಟಿಯಲ್ಲಿಲ್ಲದ ಸ್ಕಿಲ್‌ಗಳೂ ಲೆಕ್ಕಕ್ಕೆ ಬರುತ್ತವೆ. ಹತ್ತು ಸಲ ಏರಿದರೆ ಐದು ಪಾಯಿಂಟ್. ಹಾಗಾಗಿ ಮಧ್ಯಮ ಕವಚವನ್ನೋ ಈಟಿಯನ್ನೋ ಪಟ್ಟಿಯ ಹೊರಗೇ ಬಿಡಿ, ನಿದ್ದೆ ಮಾಡಿ ಲೆವೆಲ್ ಏರಿಸುವ ಮೊದಲು ಒಬ್ಬ ಟ್ರೇನರ್ ಹತ್ತಿರ ದುಡ್ಡು ಸುರಿದು ಹತ್ತು ಸಲ ಕಲಿಯಿರಿ. ಇಲ್ಲಿ ಒಂದು ಲೆವೆಲ್‌ಗೆ ಇಷ್ಟೇ ಸಲ ಕಲಿಯಬೇಕು ಅನ್ನುವ ಮಿತಿ ಇಲ್ಲ. ದುಡ್ಡು ಇದ್ದಷ್ಟೂ ಪಾಠ, ಆ ಸ್ಕಿಲ್‌ಗೆ ಸೇರಿದ ಗುಣವನ್ನು ಮೀರುವ ತನಕ.

ಜನಾಂಗದ ವಿಷಯದಲ್ಲಿ ಹೈ ಎಲ್ಫ್ ಕಡೆ ಎಲ್ಲರ ಕಣ್ಣು ಹೋಗುತ್ತದೆ, ಮ್ಯಾಜಿಕಾ (ಮಂತ್ರ ಹಾಕೋಕೆ ಬೇಕಾದ ಶಕ್ತಿ) ಜಾಸ್ತಿ ಅಂತ. ಆದರೆ ಅವರಿಗೆ ಬೆಂಕಿ, ಚಳಿ, ಮಿಂಚು, ಮಂತ್ರ ಎಲ್ಲದರ ಎದುರೂ ಮೈ ಮೆತ್ತಗೆ. ನಾನು ಬ್ರೆಟನ್ ತೆಗೆದುಕೊಂಡು ಅಪ್ರೆಂಟಿಸ್ ರಾಶಿ ಹಾಕುತ್ತೇನೆ. ಆ ರಾಶಿ ಇಂಟೆಲಿಜೆನ್ಸ್‌ನ ಒಂದೂವರೆ ಪಟ್ಟು ಮ್ಯಾಜಿಕಾ ಕೊಟ್ಟು, ಬದಲಿಗೆ ಮಂತ್ರದ ಎದುರು 50ರಷ್ಟು ದೌರ್ಬಲ್ಯ ಕೊಡುತ್ತದೆ. ಬ್ರೆಟನ್‌ಗೆ ಹುಟ್ಟಿನಿಂದಲೇ 50ರಷ್ಟು ತಡೆ. ಎರಡೂ ಹೊಡೆದುಹೋಗಿ ಮ್ಯಾಜಿಕಾ ಮಾತ್ರ ಕೈಯಲ್ಲಿ ಉಳಿಯುತ್ತದೆ. ಅಟ್ರೊನಾಕ್ ರಾಶಿ ಇನ್ನೂ ಜಾಸ್ತಿ ಕೊಡುತ್ತದೆ, ಎರಡು ಪಟ್ಟು, ಮೇಲೆ ಬೇರೆಯವರ ಮಂತ್ರಗಳನ್ನು ಅರ್ಧಕ್ಕರ್ಧ ನುಂಗುತ್ತದೆ. ಆದರೆ ನಿದ್ದೆ ಮಾಡಿದರೂ ಮ್ಯಾಜಿಕಾ ತುಂಬುವುದಿಲ್ಲ. ಮದ್ದು ಕುಡಿದುಕೊಂಡೇ ಬದುಕಬೇಕು. ಮೊದಲ ಸಲಕ್ಕೆ ಬೇಡ.

ಟೆಲ್ವಾನಿಯಲ್ಲಿ ನನಗೆ ಇಷ್ಟವಾಗುವುದು ಅವರ ನಾಚಿಕೆಯಿಲ್ಲದ ನ್ಯಾಯ. ಮೇಲಿನವನನ್ನು ಕೊಂದು ಅವನ ಜಾಗ ಹಿಡಿದರೆ, ಹಾಗಾದರೆ ಅವನಿಗಿಂತ ಇವನೇ ಬಲಶಾಲಿ ಅಂತಾಯಿತಲ್ವಾ ಅಂತ ಒಪ್ಪಿಕೊಳ್ಳುತ್ತಾರೆ. ಅವರ ಮುಖ್ಯಸ್ಥ ಗೋತ್ರೆನ್ ಒಬ್ಬ ಮಹಾ ಕಾಲಹರಣದ ಆಸಾಮಿ. ಮುಖ್ಯ ಕತೆಯಲ್ಲಿ ಅವನ ಒಪ್ಪಿಗೆ ಬೇಕಾಗುತ್ತದೆ, ಅವನು ಯೋಚಿಸುತ್ತೇನೆ ಯೋಚಿಸುತ್ತೇನೆ ಅಂತ ಹೇಳುತ್ತಲೇ ಇರುತ್ತಾನೆ, ಎಷ್ಟು ದಿನ ಕಾದರೂ ಅಷ್ಟೇ. ಕೊನೆಗೆ ಏನು ಮಾಡಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ. ಕೌನ್ಸಿಲ್‌ನಲ್ಲಿ ಮಾತಾಡೋಕೆ ಆಗುವ ಮನುಷ್ಯ ಅಂದರೆ ಟೆಲ್ ವೋಸ್‌ನ ಆರಿಯಾನ್ ಒಬ್ಬನೇ. ಅವನನ್ನು ಚೆನ್ನಾಗಿಟ್ಟುಕೊಳ್ಳಿ. ಈ ಮನೆತನದವರು ಗುಲಾಮರನ್ನು ಇಟ್ಟುಕೊಳ್ಳುವವರು, ಅದನ್ನು ಮರೆಮಾಚುವುದೂ ಇಲ್ಲ, ಮರೆಮಾಚಬೇಕು ಅಂತ ಗೇಮ್ ಬರೆದವರಿಗೂ ಅನ್ನಿಸಿಲ್ಲ. ಒಳ್ಳೆಯವರ ಪಕ್ಷ ಬೇಕು ಅನ್ನುವವರಿಗೆ ಇಲ್ಲಿ ಪಕ್ಷವೇ ಇಲ್ಲ. ನಿಜ ಹೇಳಬೇಕೆಂದರೆ ಮೂರರಲ್ಲೂ ಇಲ್ಲ.

ಹ್ಲಾಲು ವ್ಯಾಪಾರಿಗಳ ಮನೆತನ. ಬಾಲ್ಮೊರಾ ಇವರದ್ದೇ, ಹಾಗಾಗಿ ಹೊಸಬರು ಬಹಳಷ್ಟು ಜನ ಹತ್ತಿರ ಇದೆ ಅನ್ನುವ ಒಂದೇ ಕಾರಣಕ್ಕೆ ಇದಕ್ಕೆ ಸೇರಿಬಿಡುತ್ತಾರೆ. ಬಿಲ್ಲು, ಸಣ್ಣ ಕತ್ತಿ, ಹಗುರ ಕವಚ, ಬೀಗ ತೆಗೆಯುವುದು, ಮಾತು, ವ್ಯಾಪಾರ. ಯುದ್ಧಕ್ಕೆ ಇದು ಸೊರಗಿದ ಬಿಲ್ಡ್, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಕೆಲಸಗಳಲ್ಲಿ ಮಜಾ ಇದೆ. ನಿಲೆನೊ ಡೋರ್ವೇನ್ ಅನ್ನುವವಳು ಒಂದು ಕೆಲಸ ಕೊಡುತ್ತಾಳೆ: ರೆಡೊರಾನ್‌ನವರ ಕವಚ ಹಾಕಿಕೊಂಡು ಆಲ್ಡ್‌ರೂನ್‌ಗೆ ಹೋಗಿ, ಅವರ ಮನುಷ್ಯನೇ ಅನ್ನುವ ಹಾಗೆ ನಟಿಸಿ, ಗುಟ್ಟಿನ ಪತ್ರ ಈಸಿಕೊಂಡು ಬಾ ಅಂತ. ಆ ಪತ್ರ ಕೊಡುವುದು ಯಾರು ಗೊತ್ತಾ? ಅದೇ ನೆಮಿಂಡಾ. ಮೊದಲ ಸಲ ರೆಡೊರಾನ್ ಆಡಿದವರಿಗೆ ಅವಳು ತನ್ನ ಮೇಲಧಿಕಾರಿ, ಎರಡನೇ ಸಲ ಹ್ಲಾಲು ಆಡುವಾಗ ಮೋಸ ಹೋಗುವ ಪಾಪದ ಹೆಂಗಸು. ಒಂದೇ ಕೋಣೆ, ಅದೇ ಹೆಂಗಸು. ಬಣ ಬದಲಿಸಿ ಮತ್ತೆ ಆಡಿದರೆ ಏನು ಸಿಗುತ್ತದೆ ಅನ್ನುವವರಿಗೆ ಇದನ್ನೇ ತೋರಿಸುತ್ತೇನೆ.

ಒಂದು ಹಂತಕ್ಕೆ ಬಂದ ಮೇಲೆ ಮನೆತನ ನಿಮಗೆ ಜಾಗ ಕೊಟ್ಟು ಕೋಟೆಮನೆ ಕಟ್ಟಿಸಿಕೊಡುತ್ತದೆ. ಒಂದೇ ದಿನಕ್ಕೆ ಎದ್ದು ನಿಲ್ಲುವುದಿಲ್ಲ, ಮೂರು ಹಂತದಲ್ಲಿ ನಿಧಾನವಾಗಿ ಬೆಳೆಯುತ್ತದೆ. ನೀವು ಸೇರದ ಎರಡು ಮನೆತನಗಳ ಪರವಾಗಿ ಬೇರೆ ಯಾರೋ ಅದೇ ಥರ ಕೋಟೆ ಕಟ್ಟಿಕೊಳ್ಳುತ್ತಿರುತ್ತಾರೆ. ಆಮೇಲೆ ನಿಮ್ಮ ಮೇಲಿನವರು ಕರೆದು, ಅವರನ್ನು ಮುಗಿಸಿ ಬಾ ಎನ್ನುತ್ತಾರೆ. ನೀವು ಬೇರೆ ಕಡೆ ಸೇರಿದ್ದರೆ ಆ ಕುರ್ಚಿಯಲ್ಲಿ ಕೂತಿರುತ್ತಿದ್ದದ್ದು ನೀವೇ. ಗೇಮ್ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಮನೆತನದ ಜೊತೆಗೆ ಸಂಘಗಳನ್ನೂ ಸೇರಬಹುದು. ಇಲ್ಲಿ ಒಂದು ಕಡೆ ಮಾತ್ರ ಎಚ್ಚರ ಬೇಕು: ಫೈಟರ್ಸ್ ಗಿಲ್ಡ್ (ಯೋಧರ ಸಂಘ) ಮತ್ತು ಥೀವ್ಸ್ ಗಿಲ್ಡ್ (ಕಳ್ಳರ ಸಂಘ). ಬಾಲ್ಮೊರಾದ ಫೈಟರ್ಸ್ ಗಿಲ್ಡ್‌ನಲ್ಲಿ ಐಡಿಸ್ ಫೈರ್-ಐ ಮೊದಲು ಒಂದು ಮನೆಯಲ್ಲಿ ಇಲಿ ಹೊಡೆಯೋಕೆ ಕಳಿಸುತ್ತಾಳೆ, ಎಲ್ಲ ಸಾದಾ. ಕೆಲವು ಕೆಲಸ ಆದ ಮೇಲೆ, ಸೋಟಿಲ್ಡ್ ಅನ್ನುವವಳ ಹತ್ತಿರ ಒಂದು ಕೋಡ್ ಪುಸ್ತಕ ಇದೆ, ಈಸಿಕೊಂಡು ಬಾ ಎನ್ನುತ್ತಾಳೆ. ಸೋಟಿಲ್ಡ್ ಇರುವುದು ಸೌತ್ ವಾಲ್ ಹೋಟೆಲಿನಲ್ಲಿ, ಅದು ಕಳ್ಳರ ಸಂಘದ ಅಡ್ಡಾ. ನೀವು ಕಳ್ಳರ ಸಂಘದಲ್ಲೂ ಇದ್ದರೆ ಈಗ ಕಕ್ಕಾಬಿಕ್ಕಿ. ವಿಷಯ ಏನೆಂದರೆ ಫೈಟರ್ಸ್ ಗಿಲ್ಡ್‌ನ ಮೇಲಿನವರು ಕಮೋನಾ ಟಾಂಗ್ ಅನ್ನುವ ಗ್ಯಾಂಗಿನ ಕೈಗೆ ಸಿಕ್ಕಿದ್ದಾರೆ, ಅವರಿಗೆ ಬೇಕಾದ ಕೊಲೆಗಳನ್ನು ನಿಮ್ಮಿಂದ ಮಾಡಿಸುತ್ತಿದ್ದಾರೆ. ಅನುಮಾನ ಬಂದರೆ ಆಲ್ಡ್‌ರೂನ್ ಶಾಖೆಯ ಪೆರ್ಸಿಯಸ್ ಮರ್ಸಿಯಸ್‌ನನ್ನು ಮಾತಾಡಿಸಿ, ಬೇರೆ ದಾರಿ ತೋರಿಸುತ್ತಾನೆ. ಹೋಗಿ ಮಾತಾಡಿಸು ಅಂತ ಯಾರೂ ಹೇಳುವುದಿಲ್ಲ, ದಾರಿ ತೋರಿಸುವ ಬಾಣದ ಗುರುತೂ ಬರುವುದಿಲ್ಲ. ಕೇಳಿದ ಕೆಲಸವನ್ನೆಲ್ಲ ಕಣ್ಣುಮುಚ್ಚಿ ಮಾಡುವವರು ಕೊಲೆಗಾರರಾಗಿಯೇ ಸಂಘದ ಮೇಲಕ್ಕೆ ಹೋಗುತ್ತಾರೆ, ಗೇಮ್ ಸುಮ್ಮನೆ ನೋಡುತ್ತಾ ಕೂತಿರುತ್ತದೆ. ಇಡೀ ಮೊರೊವಿಂಡ್‌ನಲ್ಲಿ ನನಗೆ ತುಂಬಾ ಹಿಡಿಸಿದ ಬರವಣಿಗೆ ಇದು.

ಉಳಿದವು ಬೇಗ ಹೇಳುತ್ತೇನೆ. ಇಂಪೀರಿಯಲ್ ಲೀಜನ್ ಅನ್ನುವ ಸೈನ್ಯದಲ್ಲಿ ಯೂನಿಫಾರ್ಮ್ ಹಾಕಿಕೊಳ್ಳದೆ ಹೋದರೆ ಅಧಿಕಾರಿ ಕೆಲಸವನ್ನೇ ಕೊಡುವುದಿಲ್ಲ, ಕಿರಿಕಿರಿ, ಆದರೆ ನ್ಯಾಯವಾಗಿದೆ. ಮೊರಾಗ್ ಟಾಂಗ್‌ನಲ್ಲಿ ಕಾಗದಪತ್ರ ಸಮೇತ ಕಾನೂನುಬದ್ಧ ಕೊಲೆ. ಟ್ರಿಬ್ಯುನಲ್ ದೇವಾಲಯದಲ್ಲಿ ಯಾತ್ರೆ ಮಾಡಿಸುತ್ತಾರೆ, ದ್ವೀಪದ ಇತಿಹಾಸ ತಿಳಿಯೋಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೇಜಸ್ ಗಿಲ್ಡ್‌ಗೆ (ಮಂತ್ರವಾದಿಗಳ ಸಂಘಕ್ಕೆ) ಮಾತ್ರ ಯಾವ ಬಿಲ್ಡ್ ಆದರೂ ಸೇರಿಬಿಡಿ, ಬಡ್ತಿ ಸಿಗದಿದ್ದರೂ ಪರವಾಗಿಲ್ಲ. ಒಂದು ಊರಿನ ಗಿಲ್ಡ್‌ನಿಂದ ಇನ್ನೊಂದು ಊರಿಗೆ ಕ್ಷಣದಲ್ಲಿ ಕಳಿಸುತ್ತಾರೆ.

ಎಲ್ಲ ಮನೆತನಗಳೂ ಒಟ್ಟಿಗೆ ಬಂದು ಸೇರುವುದು ಮುಖ್ಯ ಕತೆಯ ನಡುವೆ. ನೀವು ಯಾರ ಕಡೆಯವರಾದರೂ ಮೂರೂ ಮನೆತನ ನಿಮ್ಮನ್ನು ಯುದ್ಧನಾಯಕ ಅಂತ ಒಪ್ಪಬೇಕು, ಬಯಲಿನ ನಾಲ್ಕು ಬುಡಕಟ್ಟುಗಳೂ ಒಪ್ಪಬೇಕು. ಇಲ್ಲಿ ಬಿಲ್ಡ್‌ನ ಪರೀಕ್ಷೆ ಆಗುತ್ತದೆ. ರೆಡೊರಾನ್‌ನಲ್ಲಿ ಬೋಲ್ವಿನ್ ವೆನಿಮ್ ಜೊತೆ ವಿವೆಕ್ ನಗರದ ಅಖಾಡದಲ್ಲಿ ಒಬ್ಬಂಟಿ ಕಾದಾಟ. ಹಗುರ ಕವಚದ ಹ್ಲಾಲು ಪಾತ್ರಕ್ಕೆ ಇದು ಬೆವರಿಳಿಸುತ್ತದೆ. ಹ್ಲಾಲು ಕಡೆ ಹೋದರೆ ಕತ್ತಿ ಬೇಕಿಲ್ಲ, ಕ್ರಾಸಿಯಸ್ ಕ್ಯೂರಿಯೊ ಕೈಗೆ 1000 ಚಿನ್ನ ಇಟ್ಟರೆ ಅವನ ಮತ ನಿಮಗೆ. ಉಳಿದವರಲ್ಲಿ ಕೆಲವರ ಮತ ಓರ್ವಾಸ್ ಡ್ರೆನ್ ಕೈಯಲ್ಲಿದೆ, ಅವನೇ ಆ ಕಮೋನಾ ಟಾಂಗ್‌ನ ಯಜಮಾನ. ಮಾತಲ್ಲಿ ಗೆಲ್ಲುತ್ತೀರೋ, ಬೇರೆ ರೀತಿ ಮುಗಿಸುತ್ತೀರೋ ನಿಮಗೆ ಬಿಟ್ಟದ್ದು. ಬೇಕಾದರೆ ಯಾರನ್ನೂ ಕೊಲ್ಲಬಹುದು, ಮುಖ್ಯ ಕತೆಯವರನ್ನೂ. ಹಾಗೆ ಕೊಂದಾಗ, ಭವಿಷ್ಯವಾಣಿಯ ದಾರ ಹರಿಯಿತು, ಬೇಕಾದರೆ ಹಳೇ ಸೇವ್‌ಗೆ ಹೋಗು ಅಂತ ಒಂದು ಸೂಚನೆ ಬರುತ್ತದೆ. ಹಾಗೇ ಮುಂದುವರಿಯಬೇಕು ಅಂದರೆ ಅದಕ್ಕೂ ಅಡ್ಡಿಯಿಲ್ಲ.

ಈಗ ಬೈಗುಳ. ಸಮತೋಲನ ಅನ್ನುವುದು ಈ ಗೇಮ್‌ಗೆ ಗೊತ್ತಿಲ್ಲ. ಆಶ್ ಯಾಮ್ ಮತ್ತು ಬ್ಲೋಟ್ ಅನ್ನುವ ಎರಡು ಸಾಮಾನು ಸೇರಿಸಿ ಅರೆದರೆ ಇಂಟೆಲಿಜೆನ್ಸ್ ಏರಿಸುವ ಮದ್ದು. ಇಂಟೆಲಿಜೆನ್ಸ್ ಜಾಸ್ತಿಯಾದರೆ ಮುಂದಿನ ಮದ್ದು ಇನ್ನೂ ಗಟ್ಟಿ. ಅದನ್ನು ಕುಡಿದು ಇನ್ನೊಂದು, ಅದನ್ನು ಕುಡಿದು ಮತ್ತೊಂದು. ಎಲ್ಲೂ ಮಿತಿ ಹಾಕಿಲ್ಲ. ಸ್ವಲ್ಪ ಹೊತ್ತಿನಲ್ಲಿ ನೀವು ದೇವರು, ಗೇಮ್ ಸತ್ತಿತು. ಹಾಗೇ ಗೋಲ್ಡನ್ ಸೇಂಟ್ ಅನ್ನುವ ಜೀವಿಯನ್ನು ಮಂತ್ರದಿಂದ ಕರೆಸಿ, ಅದರ ಆತ್ಮ ಹಿಡಿದು, ಸದಾ ಕೆಲಸ ಮಾಡುವ ಉಂಗುರ ಮಾಡಿಕೊಳ್ಳಬಹುದು. ಆಮೇಲೆ ಆ ಮಾತಾಡುವ ಏಡಿ ವ್ಯಾಪಾರಿ. ಇವನ ಹತ್ತಿರ 10,000 ಚಿನ್ನ ಇರುತ್ತದೆ, ಎಲ್ಲಿದ್ದಾನೆ ಅಂತ ಹೇಳುವುದಿಲ್ಲ, ಹುಡುಕಿಕೊಳ್ಳಿ. ಮೊದಲ ಸಲ ಆಡುವಾಗ ಇವೆಲ್ಲದರಿಂದ ದೂರ ಇರಿ. ಮೂರನೇ ಸಲ ಆಡುವಾಗ ಎಲ್ಲ ಒಟ್ಟಿಗೆ ಮಾಡಿ, ಅದೂ ಒಂದು ಮಜಾ.

ಕ್ಲಿಫ್ ರೇಸರ್ ಅನ್ನುವ ಹಾರುವ ಪೀಡೆ ಬಗ್ಗೆ ಎಷ್ಟು ಬೈದರೂ ಸಾಲದು. ಬೆಟ್ಟದ ದಾರಿ ಹಿಡಿದರೆ ಸಾಕು, ಒಂದರ ಹಿಂದೆ ಒಂದು ಕಿರುಚಿಕೊಂಡು ಬರುತ್ತವೆ, ಅವು ಇಳಿದು ಬರುವ ತನಕ ಆಕಾಶ ನೋಡಿಕೊಂಡು ನಿಂತಿರಬೇಕು. ಶುರುವಿನ ನಡಿಗೆ ತೀರಾ ನಿಧಾನ. ದಾರಿಯನ್ನು ಬಾಯಲ್ಲಿ ಹೇಳುತ್ತಾರೆ, ಸೇತುವೆ ದಾಟಿ ಎಡಕ್ಕೆ, ಬಂಡೆ ಕಂಡ ಮೇಲೆ ಉತ್ತರಕ್ಕೆ ಅಂತ. ನನಗೆ ಅದು ಇಷ್ಟ, ಆದರೆ ಅಲ್ಲಲ್ಲಿ ಹೇಳಿದ್ದೇ ತಪ್ಪಿರುತ್ತದೆ, ಆಗ ಸಿಟ್ಟು ಬರುತ್ತದೆ. ಜರ್ನಲ್ ಮೊದಲು ಬಂದಾಗ ಬರೀ ದಿನಚರಿ ಇದ್ದ ಹಾಗೆ, ಯಾವ ಕೆಲಸ ಎಲ್ಲಿ ಬರೆದಿದೆ ಅಂತ ಪುಟ ತಿರುಗಿಸುತ್ತಾ ಕೂರಬೇಕು. ಟ್ರಿಬ್ಯುನಲ್ ವಿಸ್ತರಣೆ ಬಂದ ಮೇಲೆ ಕೆಲಸದ ಪ್ರಕಾರ ವಿಂಗಡಣೆ ಸಿಕ್ಕಿತು, ಸ್ವಲ್ಪ ಉಸಿರಾಡುವ ಹಾಗಾಯಿತು. ಆದರೆ ಅದೇ ವಿಸ್ತರಣೆಯ ದೆಸೆಯಿಂದ ಇನ್ನೂ ಏನೂ ಬಾರದ ಹೊತ್ತಿನಲ್ಲೇ ರಾತ್ರಿ ಮಲಗಿದರೆ ಕೊಲೆಗಾರರು ಬರುತ್ತಾರೆ. ಕಷ್ಟಪಟ್ಟು ಕೊಂದರೆ ಅವರ ಕವಚ ಆ ಹಂತಕ್ಕೆ ಸಿಗಬಾರದಷ್ಟು ಒಳ್ಳೆಯದು, ಮಾರಿದರೆ ದುಡ್ಡಿನ ಚಿಂತೆಯೇ ಮುಗಿಯಿತು. ಎರಡೂ ರೀತಿಯಲ್ಲಿ ಆಟ ಕೆಡುತ್ತದೆ.

ಖಜೀತ್ (ಬೆಕ್ಕಿನಂಥ ಜನಾಂಗ) ಅಥವಾ ಆರ್ಗೋನಿಯನ್ (ಹಲ್ಲಿಯಂಥ ಜನಾಂಗ) ಆಡುವ ಆಸೆ ಇದ್ದರೆ ಒಂದು ಮಾತು. ಇವರು ಬೂಟು ಹಾಕೋಕೆ ಆಗಲ್ಲ, ಮುಖ ಮುಚ್ಚುವ ಶಿರಸ್ತ್ರಾಣವೂ ಆಗಲ್ಲ. ರೆಡೊರಾನ್ ಬಿಲ್ಡ್‌ಗೆ ಇದು ದೊಡ್ಡ ನಷ್ಟ, ಹ್ಲಾಲು ಕಡೆ ಅಷ್ಟೇನೂ ತೊಂದರೆ ಇಲ್ಲ.

ಕೊಳ್ಳುವವರಿಗೆ: ಟ್ರಿಬ್ಯುನಲ್, ಬ್ಲಡ್‌ಮೂನ್ ಎರಡೂ ವಿಸ್ತರಣೆಗಳು ಸೇರಿದ ಗೇಮ್ ಆಫ್ ದಿ ಇಯರ್ ಆವೃತ್ತಿ ಸ್ಟೀಮ್, ಗಾಗ್ (GOG) ಅನ್ನುವ ಎರಡೂ ಆನ್‌ಲೈನ್ ಅಂಗಡಿಗಳಲ್ಲಿ ಇದೆ. ಅದನ್ನು ಹಾಕಿಕೊಂಡ ಮೇಲೆ ಓಪನ್‌ಎಮ್‌ಡಬ್ಲ್ಯೂ ಇಳಿಸಿಕೊಳ್ಳಿ. ಇದು ಅಭಿಮಾನಿಗಳು ಸೇರಿ ಹೊಸದಾಗಿ ಬರೆದ ಉಚಿತ ಎಂಜಿನ್, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಗೇಮ್‌ನ ಮೂಲ ಫೈಲ್‌ಗಳು ಮಾತ್ರ ನಿಮ್ಮ ಹತ್ತಿರ ಇರಬೇಕು. ಹಳೇ ಎಂಜಿನ್‌ಗಿಂತ ಎಷ್ಟೋ ಗಟ್ಟಿ, ದೊಡ್ಡ ಪರದೆಗೂ ಸರಿಯಾಗಿ ಕೂರುತ್ತದೆ. ಮೊದಲ ಸಲಕ್ಕೆ ಮಾಡ್‌ಗಳ (ಆಟಗಾರರೇ ಮಾಡಿದ ಬದಲಾವಣೆಗಳ) ರಾಶಿ ಬೇಡ. ಇನ್ನೊಂದು ವಿಷಯ, ಅದರಲ್ಲಿ ದೂರದ ತನಕ ಕಾಣುವ ಹಾಗೆ ಮಾಡುವ ಸೆಟ್ಟಿಂಗ್ ಇದೆ, ಎಲ್ಲರೂ ಮೊದಲು ಅದನ್ನೇ ಪೂರ್ತಿ ಏರಿಸುತ್ತಾರೆ. ಏರಿಸಬೇಡಿ. ದೂರವನ್ನು ಮುಚ್ಚಿಡುವ ಮಂಜು ತೆಗೆದರೆ ಬಾಲ್ಮೊರಾ ಆಚೆಯ ಗುಡ್ಡದ ಮೇಲೆ ನಿಂತು ಅರ್ಧ ದ್ವೀಪ ನೋಡಿಬಿಡಬಹುದು, ಆಗ ಇಷ್ಟೇ ಇಷ್ಟು ಜಾಗನಾ ಅನ್ನಿಸುತ್ತದೆ. ಸ್ವಲ್ಪ ಮಾತ್ರ ಹೆಚ್ಚಿಸಿ, ಮೊದಲ ಸಲ ಮುಗಿಯುವ ತನಕ ಹಾಗೇ ಇರಲಿ.